ಫಕ್ರುಸಾಬನ ಹಸಿರು ಗಾಯ

ಸವಣೂರಿನ ಸಂತೆಯಲ್ಲಿ ಮರಿಯಮಬಿಗೆ ಟೋಪಿ ಹಾಕಿದವರು ಇನ್ನೂ ಹುಟ್ಟಿಲ್ಲ. ನಲವತ್ತು ವರ್ಷದಿಂದ ವೀಳ್ಯದೆಲೆ ಮಾರುವ ಹೆಂಗಸು. ಕಟ್ಟಿನ ಮೇಲಿನ ನಾಲ್ಕು ಎಲೆ ಚಂದ ಕಂಡರೆ ಒಳಗೆ ಕೊಳೆತದ್ದಿದೆ ಎಂದೇ ಅವಳ ನಂಬಿಕೆ. ಹಾಲಿನವನ ಎದುರೇ ಹಾಲಿಗೆ ಬೆರಳದ್ದಿ ನೋಡುವಳು, ಮನೆಗೆ ಬಂದ ನೆಂಟರು ಹೋದ ಮೇಲೆ ಚಮಚ ಎಣಿಸುವಳು. ಇಂಥವಳ ಮನೆಯಲ್ಲೇ ಗಂಡನ ಕಾಲಿನ ಗಾಯ ಹಸಿರಾಯಿತು ಅಂದರೆ, ಅಬ್ಬಬ್ಬಾ, ಯಾರನ್ನು ಬಿಟ್ಟಾಳು!

ಗಂಡ ಫಕ್ರುಸಾಬನಿಗೆ ಸಕ್ಕರೆ ಕಾಯಿಲೆ. ಎಲೆತೋಟದಲ್ಲಿ ಬರಿಗಾಲಲ್ಲಿ ಓಡಾಡುವಾಗ ಬಿದಿರಿನ ಸೀಳು ಪಾದಕ್ಕೆ ಹೊಕ್ಕದ್ದು ಅವನಿಗೆ ಗೊತ್ತೇ ಆಗಲಿಲ್ಲ. ಗೊತ್ತಾಗುವಷ್ಟರಲ್ಲಿ ಕಿರುಬೆರಳಿನ ಬುಡ ಬಾತಿತ್ತು. ಶಿಗ್ಗಾಂವಿಯ ಡಾಕ್ಟರ್ ಹೇಮಾ ಗಾಯ ಶುಚಿ ಮಾಡಿ, ಮನೆಯಲ್ಲಿ ದಿನಾ ಪಟ್ಟಿ ಬದಲಿಸಿರೆಂದು ಕಳಿಸಿದರು. ಆ ಕೆಲಸ ಸೊಸೆ ಗುಲ್ನಾಜಳ ಪಾಲಿಗೆ ಬಂತು. ಅವಳು ಹತ್ತಿಯ ಅರಿವೆ ಕುದಿಸಿ, ಬಿಸಿಲಿಗೆ ಗರಿಗರಿ ಒಣಗಿಸಿ, ಇಸ್ತ್ರಿ ಮಾಡಿ ಡಬ್ಬಿಯಲ್ಲಿಡುತ್ತಿದ್ದಳು. ಒಂದು ದಿನ ಅರಿವೆ ಗಾಯಕ್ಕೆ ಅಂಟಿ, ಬಿಚ್ಚುವಾಗ ರಕ್ತ ಜಿನುಗಿತು. ಮರಿಯಮಬಿಗೆ ಅಷ್ಟು ಸಾಕಾಯಿತು.

"ಬೇಕಂತನ ಜಗ್ಗೀಯಲ್ಲ! ಕೊಡ ಇತ್ಲಾಗ. ನಿನ್ನ ಕೈಗೆ ಬಿಟ್ರ ಇವರ ಕಾಲು ಉಳಿಯೂದಿಲ್ಲ."

"ಬೇಕಂತ ಯಾಕ ಜಗ್ಗಲಿ ಅಮ್ಮಾ?" ಎಂದಳು ಗುಲ್ನಾಜ. ಅಂದಿನಿಂದ ಮುಲಾಮು, ಕತ್ತರಿ ಎಲ್ಲ ಅತ್ತೆಯ ಟ್ರಂಕಿನೊಳಗೆ ಸೇರಿದವು. ಬೀಗದ ಕೈ ಅವಳ ಸೊಂಟದಲ್ಲಿ.

ಹತ್ತೇ ದಿನ. ಪಟ್ಟಿಯ ಮೇಲೆ ನೀಲಿ ಬೆರೆತ ಹಸಿರು ಕೀವು ಕಂಡಿತು. ಕೊಳೆತ ನಾತವೂ ಅಲ್ಲ, ಮಾಗಿ ಒಡೆದ ದ್ರಾಕ್ಷಿಯಂಥ ಸಿಹಿ ವಾಸನೆ. ಮರಿಯಮಬಿ ಮೊದಲು ಸೊಸೆಯ ಕಪಾಟು ಜಾಲಾಡಿದಳು. ಏನೂ ಸಿಗಲಿಲ್ಲ. ಆಮೇಲೆ ಪಕ್ಕದ ತೋಟದ ಪರಮೇಶಪ್ಪ ನೆನಪಾದ. ಬಳ್ಳಿಯ ಬುಡ ಕೊಳೆಯಬಾರದೆಂದು ಅವನೇ ಒಂದು ಬಿಳಿ ಪುಡಿಯ ಪಾಕೀಟು ತಂದುಕೊಟ್ಟಿದ್ದ. ಪುಕ್ಕಟೆ! ಪುಕ್ಕಟೆ ಕೊಟ್ಟವನನ್ನು ನಂಬುವ ಪೈಕಿ ಅಲ್ಲ ಅವಳು. ಪಾಕೀಟಿನ ಮೇಲಿನ ಹೆಸರನ್ನು ಅಂಗಡಿಯವನಿಂದ ಮೂರು ಸಲ ಓದಿಸಿ ಬಾಯಿಪಾಠ ಮಾಡಿಕೊಂಡಳು.

ಶಿಗ್ಗಾಂವಿಯಲ್ಲಿ ಡಾಕ್ಟರ್ ಹೇಮಾ ಹತ್ತಿ ಸುತ್ತಿದ ಕಡ್ಡಿಯಿಂದ ಕೀವು ಒರೆಸಿ ಪರೀಕ್ಷೆಗೆ ಕಳಿಸಿದರು. ಮೂರನೇ ದಿನ ಮನೆಯವರನ್ನೆಲ್ಲ ಕರೆಸಿದರು.

"ಸ್ಯೂಡೊಮೋನಾಸ್ ಅನ್ನೂ ಕ್ರಿಮಿ ಐತ್ರಿ. ಭಾಳ ಹಟಮಾರಿ, ಮಾಮೂಲಿ ಗುಳಿಗಿಗೆ ಬಗ್ಗೂದಿಲ್ಲ. ಎಲುಬಿಗೆ ಇಳದ್ರ ಪಾದಾನ ತಗೀಬೇಕಾಗ್ತೈತಿ."

ಮರಿಯಮಬಿ ಎದ್ದೇ ನಿಂತಳು. "ನಾ ಹೇಳಲಿಲ್ಲೇನು! ಆ ಪುಡಿ ಪಾಕೀಟಿನ ಮ್ಯಾಲೂ ಇದ ಹೆಸರೈತ್ರಿ. ಪರಮೇಶಪ್ಪನ ಕೆಲಸ ಇದು. ನಮ್ಮ ತೋಟದ ಮ್ಯಾಲ ಅವನ ಕಣ್ಣೈತಿ!"

"ಕುಂಡ್ರಿ, ಕುಂಡ್ರಿ. ಆ ಪುಡಿಯಾಗಿಂದೂ ಕ್ರಿಮೀನ, ಇದರ ಬಳಗದ್ದ, ಖರೆ. ಆದ್ರ ಜಾತಿ ಬ್ಯಾರೆ. ಅದು ಮಣ್ಣಾಗ ಇದ್ದು ಬಳ್ಳಿ ಬೇರು ಕಾಯ್ತೈತಿ. ಇದು ಹಸಿ ಇದ್ದಲ್ಲೆ ಬೆಳೀತೈತಿ. ಬಚ್ಚಲಾಗ, ನಳದ ಬಾಯಾಗ, ತೊಯ್ದ ಅರಿವ್ಯಾಗ. ಸಕ್ಕರಿ ಕಾಯಿಲೆಯವರ ಗಾಯ ಸಿಕ್ರಂತೂ ಮುಗೀತು. ಪಟ್ಟಿ ಅರಿವಿ ಹೆಂಗ ಇಡ್ತೀರಿ ನೀವು?"

ಇದೊಂದು ಪ್ರಶ್ನೆಗೆ ಅವಳು ಎದೆಯುಬ್ಬಿಸಿ ಉತ್ತರ ಕೊಟ್ಟಳು. "ಕುದಸ್ತೇನ್ರಿ. ಈ ಸೊಸಿ ಒಣಗಿಸಿ ಕಟಗಿ ಮಾಡಿಡ್ತಿದ್ಲು, ಗಾಯಕ್ಕ ಹತ್ತಿಕೊಂತಿತ್ತು. ನಾ ಹಂಗ ಬಿಡ್ತೇನೇನ್ರಿ? ಎಲಿ ಬುಟ್ಟ್ಯಾಗ, ತೊಯ್ಸಿದ ಗೋಣಿತಟ್ಟಿನ ಕೆಳಗ ಇಡ್ತೇನಿ, ತಂಪಗ ಮೆತ್ತಗ ಇರ್ತೈತಿ. ಅಲ್ಲೆ ಎಲೀನ ಎಂಟು ದಿನ ಬಾಡೂದಿಲ್ಲ, ಅರಿವಿ ಹೆಂಗ ಕೆಡ್ತೈತ್ರಿ?"

ಇವತ್ತಿನ ಪಟ್ಟಿಗೆಂದು ತಂದಿದ್ದ ಅರಿವೆಯನ್ನು ಚೀಲದಿಂದ ತೆಗೆದು ಕೊಟ್ಟಳು. ಡಾಕ್ಟರ್ ಅದನ್ನು ಬಿಡಿಸಿ ಮೂಸಿದರು. ಅವಳ ಮುಂದೆ ಹಿಡಿದರು. ಮರಿಯಮಬಿ ಬಾಗಿ ಮೂಸಿದಳು.

ಅದೇ ದ್ರಾಕ್ಷಿಯ ವಾಸನೆ. ಮಡಿಕೆಯ ನಡುವೆ ತೆಳ್ಳಗೆ ಹಸಿರು.

ಹತ್ತು ದಿನ ಮುಲಾಮಿಗೆ ಬೀಗ ಹಾಕಿ, ಬುಟ್ಟಿಯನ್ನೂ ಕಾಯ್ದಿದ್ದಳಲ್ಲ, ಯಾರ ಕೈಯೂ ತಾಗದ ಹಾಗೆ! ತನ್ನೊಬ್ಬಳ ಕೈಯೇ ತಾಗಿತ್ತು.

"ಕಿರುಬೆರಳು ಉಳಿಯೂದಿಲ್ರಿ," ಎಂದರು ಡಾಕ್ಟರ್. "ಯಾವ ಇಂಜೆಕ್ಷನ್ನಿಗೆ ಈ ಕ್ರಿಮಿ ಸಾಯ್ತೈತಿ ಅಂತ ಪರೀಕ್ಷಾದಾಗ ಬಂದೈತಿ, ಪಾದ ಉಳಿಸಾಕ ನೋಡೂಣು. ಆದ್ರ ಮನಿಗೆ ಹೋದ ಮ್ಯಾಲ ಪಟ್ಟಿ ಸ್ವಚ್ಛ ಇರಬೇಕು. ಯಾರು ಕಟ್ಟೋರು? ಈಗ ಬಂದು ಕಲೀರಿ."

"ಗುಲ್ನಾಜ ಕಟ್ತಾಳ್ರಿ," ಎಂದಳು ಮರಿಯಮಬಿ.

ಗೋಡೆಗೆ ಆತು ನಿಂತಿದ್ದ ಸೊಸೆ ಕದಲಲಿಲ್ಲ. "ನಾ ಒಲ್ಲೆ ಅಮ್ಮಾ. ನಾಳೆ ಏನರ ಆದ್ರ ಮತ್ತ ನನ್ನ ಕಪಾಟ ಹುಡಕ್ತೀರಿ."

ಆಸ್ಪತ್ರೆಯ ಮಂಚದ ಮೇಲೆ ಫಕ್ರುಸಾಬ ತನ್ನ ಪಾದವನ್ನೇ ನೋಡುತ್ತ ಮಲಗಿದ್ದ. ಮರಿಯಮಬಿಗೆ ನಾಚಿಕೆಯಿಂದ ಮೈ ಹಿಡಿಯಾಯಿತು. ಇಡೀ ಆಯುಷ್ಯದಲ್ಲಿ ಒಮ್ಮೆಯೂ ಆಡದ ಮಾತನ್ನು ಅವಳೀಗ ಆಡಬೇಕಿತ್ತು, ಅದೂ ಹತ್ತು ಜನರ ಎದುರು.

"ಇವರ ಕಾಲು ಕೆಡಿಸಿದಾಕಿ ನಾನ," ಎಂದಳು. "ನೀ ಮಾಡಿದ್ದ ಸರಿ ಇತ್ತು. ಕಟ್ಟವ್ವಾ. ನನ್ನ ಮಾರಿ ನೋಡಬ್ಯಾಡ, ಇವರ ಕಾಲು ನೋಡು."

ಗುಲ್ನಾಜ ಗೋಡೆ ಬಿಟ್ಟು ಮುಂದೆ ಬಂದಳು. ಆಮೇಲೆ ತೋಳು ಏರಿಸಿ ನಳದ ಹತ್ತಿರ ಹೋಗಿ ಕೈಗೆ ಸಾಬೂನು ಹಚ್ಚಿದಳು. ಬೆರಳ ಸಂದಿ ಸರಿಯಾಗಿ ತಿಕ್ಕಿದಳೋ ಇಲ್ಲವೋ ಎಂದು ಮರಿಯಮಬಿಯ ಕಣ್ಣು ತಾನಾಗಿಯೇ ಅತ್ತ ಹೊರಳಿತು, ಬಾಯಿಯೂ ತೆರೆಯಿತು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು, ಗಂಡನ ಕಡೆ ತಿರುಗಿ ಕುಳಿತಳು.