ಚೀಟಿಯ ಹಿಂಬದಿ

ಶಿಕಾರಿಪುರ, ಸೊರಬ ಎರಡೂ ಕಡೆ ಗುಮಾಸ್ತನಾಗಿ ಸರ್ಕಾರದ ಕುರ್ಚಿ ಸವೆಸಿದವನು ನಾನು. ಈಗ ಹೇಳಹೊರಟಿದ್ದು ಯಾವ ಊರಿನ ಕಚೇರಿಯಲ್ಲಿ ನಡೆದದ್ದೆಂದು ಮಾತ್ರ ಬಾಯಿ ಬಿಡುವುದಿಲ್ಲ. ಶಿಕಾರಿಪುರದವರು ಸೊರಬದ್ದು ಎಂದುಕೊಳ್ಳಲಿ, ಸೊರಬದವರು ಶಿಕಾರಿಪುರದ್ದು ಎಂದುಕೊಳ್ಳಲಿ. ಎರಡೂ ಊರಿಗೆ ನೆಮ್ಮದಿ.

ತೊಂಬತ್ತರ ದಶಕದ ನಡುವಿನ ಮಾತು. ನಮ್ಮ ಹೆಡ್ ಕ್ಲರ್ಕು ಎರಡು ದಿನದ ತರಬೇತಿಗೆಂದು ಜಿಲ್ಲಾ ಕೇಂದ್ರಕ್ಕೆ ಹೋದವರು, ಹೆಗಲಿಗೊಂದು ಬಟ್ಟೆಚೀಲ, ತಲೆಯ ತುಂಬ ಪರಿಸರ ಪ್ರೇಮ ಹೊತ್ತು ಬಂದರು. ಮರುದಿನವೇ ನೌಕರರ ಪರಿಸರ ಸಮಿತಿ ಹುಟ್ಟಿತು. ಮೇಲಿನಿಂದ ಆದೇಶವೇನೂ ಇರಲಿಲ್ಲ, ಎಲ್ಲ ನಮ್ಮದೇ ಹುಮ್ಮಸ್ಸು. ಕಾಗದ ಉಳಿಸಬೇಕೆಂಬ ಸುತ್ತೋಲೆಯನ್ನು ಮೇಜಿಗೊಂದರಂತೆ ಟೈಪ್ ಮಾಡಿಸಿ ಹಂಚಿದೆವು. ಅದು ಮುಟ್ಟಿತೆಂಬುದಕ್ಕೆ ಎಲ್ಲರಿಂದಲೂ ಬೇರೆ ಹಾಳೆಯಲ್ಲಿ ಸಹಿ ತೆಗೆದುಕೊಂಡೆವು. ಅಂಗಳದಲ್ಲಿ ಒಂದು ಹೊಂಗೆ ಸಸಿ ನೆಟ್ಟು, ಅದಕ್ಕೆ ಬೇಲಿ ಬೇಕೆಂದು ಹಿತ್ತಿಲಲ್ಲಿ ಚೆನ್ನಾಗಿ ಬೆಳೆದಿದ್ದ ಮರದ ಕೊಂಬೆಗಳನ್ನು ಕಡಿಸಿದೆವು.

ನನ್ನ ಕೊಡುಗೆಯೂ ಇತ್ತು. ಅರ್ಜಿ ಕೊಟ್ಟವರಿಗೆ ಮುಟ್ಟಿದೆ ಎಂದು ಬರೆದು ಒಂದು ಸ್ವೀಕೃತಿ ಚೀಟಿ ಕೊಡುತ್ತಿದ್ದೆವು. ಅದಕ್ಕೆ ಹೊಸ ಹಾಳೆ ಯಾಕೆ, ಒಂದು ಮಗ್ಗುಲು ಖಾಲಿ ಇರುವ ರದ್ದಿ ಹಾಳೆಯನ್ನು ನಾಲ್ಕಾಗಿ ಹರಿದರೆ ನಾಲ್ಕು ಚೀಟಿಯಾಯಿತಲ್ಲ ಎಂದೆ.

"ನೋಡ್ರೀ, ಹಿಂಗ್ ತಲಿ ಓಡಿಸ್ಬೇಕು," ಎಂದು ಹೆಡ್ ಕ್ಲರ್ಕು ಎಲ್ಲರೆದುರು ನನ್ನ ಬೆನ್ನು ತಟ್ಟಿದರು.

ಅಂದಿನಿಂದ ದಿನಾ ಬೆಳಿಗ್ಗೆ ಅಡಿಪಟ್ಟಿ ಇಟ್ಟು ಹಾಳೆ ಹರಿಯುವುದೇ ನನಗೊಂದು ವ್ರತವಾಯಿತು. ಒಂದು ಮಗ್ಗುಲು ನಿಜಕ್ಕೂ ಖಾಲಿ ಇದೆಯೇ ಎಂದು ಎರಡೆರಡು ಸಲ ನೋಡುತ್ತಿದ್ದೆ. ಇನ್ನೊಂದು ಮಗ್ಗುಲಲ್ಲಿ ಏನಿದೆ ಎಂದು ಓದುವುದು ಸಮಿತಿಯ ಕೆಲಸವಾಗಿರಲಿಲ್ಲ.

ಆ ದಿನಗಳಲ್ಲೇ ಕಾಡಂಚಿನ ಊರಿನ ಹೆಂಗಸೊಬ್ಬರು ಕಚೇರಿಗೆ ಅಲೆಯುತ್ತಿದ್ದರು. ಅವರ ಗಂಡ ಬಹಳ ವರ್ಷ ಒಂದು ತುಂಡು ಸರ್ಕಾರಿ ಜಮೀನು ಉತ್ತು ತಿಂದವರು. ಹಿಂದೊಮ್ಮೆ ಅಧಿಕಾರಿಗಳು ಸ್ಥಳಕ್ಕೇ ಹೋಗಿ, ಈ ನೆಲ ಸಾಗು ಮಾಡುತ್ತಿರುವುದು ಈತನೇ ಎಂದು ಮಹಜರು ಬರೆದು, ಆತನ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು. ಈಗ ಆತ ಇಲ್ಲ. ಮಹಜರು ಸಿಕ್ಕರೆ ನೆಲ ಈಕೆಯ ಹೆಸರಿಗೆ ಆಗುತ್ತದೆ, ಸಿಗದಿದ್ದರೆ ಇಲ್ಲ.

ರೆಕಾರ್ಡ್ ರೂಮಿನವರು ಹುಡುಕುವುದಕ್ಕೆಂದೇ ಆ ಊರಿನ ಕಟ್ಟನ್ನು ಕೆಳಗಿಳಿಸಿ, ನನ್ನ ಮೇಜಿನ ಪಕ್ಕ ಇಟ್ಟು ಊಟಕ್ಕೆ ಹೋದರು. ಊಟ ಮುಗಿಸಿ ಬಂದವರು ಬೇರೆ ಕೆಲಸ ಹಿಡಿದರು. ನಾನು ರದ್ದಿ ಇಡುವ ಜಾಗವೂ ಅದೇ ಆಗಿತ್ತು.

ವಾರ ಕಳೆದು ಆಕೆ ಮತ್ತೆ ಬಂದು ಇನ್ನೊಂದು ಅರ್ಜಿ ಕೊಟ್ಟರು. "ಹಳೆಯ ಮಹಜರು ಹುಡುಕಿಕೊಡಲು ಕೋರಿದ ಅರ್ಜಿ ಮುಟ್ಟಿದೆ" ಎಂದು ಬರೆದು, ಸೀಲು ಹೊಡೆದು, ಚೀಟಿ ಕೈಗಿತ್ತೆ. ಆಕೆಗೆ ಓದು ಬಾರದು. ಸುಮ್ಮನೆ ಹಿಂದೆ ಮುಂದೆ ತಿರುಗಿಸಿದವರು ಅಲ್ಲೇ ನಿಂತುಬಿಟ್ಟರು.

"ಇದು ನಮ್ಮನೆಯವ್ರ ಹೆಬ್ಬೆಟ್ಟು ಕಣ್ರೀ," ಎಂದರು.

"ಎಲ್ಲಾರ ಹೆಬ್ಬೆಟ್ಟೂ ಹಂಗೇ ಇರ್ತದಮ್ಮ. ಹೋಗಿ ಬನ್ನಿ," ಎಂದೆ.

"ಇಲ್ಲಪ್ಪ. ನಡುವೆ ಬಿಳಿ ಗೆರೆ ಐತಲ್ಲ, ಭತ್ತ ಕುಯ್ಯುವಾಗ ಕುಡುಗೋಲು ತಾಗಿದ್ದು. ಅರಿಶಿಣ ಮೆತ್ತಿ ಬಟ್ಟೆ ಕಟ್ಟಿದ್ದು ನಾನೇ."

ಚೀಟಿ ಇಸಿದುಕೊಂಡು ಓದಿದೆ. ಮಹಜರಿನ ಕೊನೆಯ ಕಾಲುಭಾಗ ಅದು. ನಾಚಿಕೆಗಿಂತ ಮೊದಲು ಬಂದದ್ದು ಹೆದರಿಕೆ, ಅದನ್ನೂ ಹೇಳಿಬಿಡುತ್ತೇನೆ.

ಹೆಡ್ ಕ್ಲರ್ಕು ಬಾಗಿಲು ಹಾಕಿಸಿ ಸಮಿತಿಯ ತುರ್ತು ಸಭೆ ಕರೆದರು. "ವಿಷಯ ಹೊರಗ್ ಹೋಗ್ಬಾರ್ದು ರೀ. ಹೋದ್ರೆ ಪರಿಸರಕ್ಕೇ ಕೆಟ್ಟ ಹೆಸರು," ಎಂದರು. ಒಂದೇ ಹಾಳೆಯ ನಾಲ್ಕು ಚೀಟಿಗಳು ಒಂದರ ಹಿಂದೊಂದು ಹೋಗಿರುತ್ತವೆ, ಯಾರಿಗೆ ಹೋದವೆಂದು ರಿಜಿಸ್ಟರಿನಲ್ಲೇ ಇದೆ. ಉಳಿದ ಮೂರನ್ನು ವಾಪಸು ತರುವ ಹೊಣೆ ನನ್ನ ತಲೆಗೆ ಬಂತು.

ಭಾನುವಾರ ಹೆಡ್ ಕ್ಲರ್ಕರ ಬಟ್ಟೆಚೀಲ ಹಿಡಿದು ಬಸ್ಸು ಹತ್ತಿದೆ. ಗುಡವಿ ಕಡೆಯ ಮನೆಯೊಂದರಲ್ಲಿ ಚೀಟಿ ರೇಷನ್ ಕಾರ್ಡಿನ ಒಳಗೆ ಭದ್ರವಾಗಿತ್ತು. ಎರಡನೆಯ ಮನೆಯಲ್ಲಿ ಸರ್ಕಾರದ ಸೀಲು ಇದೆಯಲ್ಲ ಎಂದು ದೇವರ ಗೂಡಿನಲ್ಲಿಟ್ಟು ವಿಭೂತಿ ಹಚ್ಚಿದ್ದರು. ಮೂರನೆಯವರ ಜಮೀನು ಒಂದು ತಾಲೂಕು, ವಾಸ ಇನ್ನೊಂದು. ಹುಡುಕಿಕೊಂಡು ಅಂಜನಾಪುರದ ತನಕ ಹೋದರೆ, ಅಜ್ಜ ಅದನ್ನು ಮಡಚಿ ರೇಡಿಯೋದ ಸೆಲ್ಲು ಅಲ್ಲಾಡದಂತೆ ಸಿಕ್ಕಿಸಿದ್ದ. ಎಳೆದುಕೊಂಡಾಗ ವಾರ್ತೆ ಅರ್ಧಕ್ಕೇ ನಿಂತಿತು. ಒಬ್ಬೊಬ್ಬರಿಗೂ ಬದಲಿ ಚೀಟಿಯನ್ನು ಹೊಚ್ಚ ಹೊಸ ಇಡೀ ಹಾಳೆಯಲ್ಲಿ ಬರೆದುಕೊಟ್ಟೆ. ಉಳಿಸಿದ ಕಾಗದವೆಲ್ಲ ಅಲ್ಲಿಗೆ ಸರಿಹೋಯಿತು.

ಸೋಮವಾರ ಆಕೆಯನ್ನು ಕರೆಸಿ, ನಾಲ್ಕು ತುಂಡನ್ನೂ ಜೋಡಿಸಿ ದಪ್ಪ ಹಾಳೆಗೆ ಅಂಟಿಸಲು ಕುಳಿತೆ. ಮಹಜರು ಮೇಲೆ, ನನ್ನ ಚೀಟಿಗಳು ಕೆಳಗೆ. ಹೆಡ್ ಕ್ಲರ್ಕು ಹೇಳಿದಂತೆ "ಇಲಿಗಳಿಂದ ಹರಿದಿದೆ" ಎಂದು ಷರಾ ಬರೆದೆ. ತಹಶೀಲ್ದಾರ್ ಸಾಹೇಬರು ಆ ನೇರ ಅಂಚನ್ನು ಬೆರಳಲ್ಲಿ ಸವರಿ, "ನಿಮ್ಮ ಇಲಿ ಅಡಿಪಟ್ಟಿ ಇಟ್ಕೊಂಡು ಕಡಿತದೇನ್ರೀ?" ಎಂದು ಕೇಳಿದರೂ ಸಹಿ ಹಾಕಿದರು. ಆ ಸಹಿಯ ಬಲದಿಂದ, ನಾನು ವರ್ಗವಾಗಿ ಹೋಗುವ ಮೊದಲೇ ನೆಲ ಆಕೆಯ ಹೆಸರಿಗೆ ಬಂತು. ಸಮಿತಿಯ ವರದಿಯಲ್ಲಿ ಚೀಟಿ ಯೋಜನೆ ಸಂಪೂರ್ಣ ಯಶಸ್ವಿ ಎಂದೇ ಬರೆದೆವು.

ಆದರೆ ಮನಸ್ಸಿನಲ್ಲಿ ಉಳಿದದ್ದು ಆ ಸೋಮವಾರ. ಆಕೆಯ ಕೈಗೂ ಹೊಸ ಹಾಳೆಯ ಚೀಟಿ ಕೊಟ್ಟೆ. ಆಕೆ ಅದನ್ನು ತಿರುಗಿಸಿ ನೋಡಿದರು.

"ಇದ್ರ ಹಿಂದೆ ಏನೂ ಇಲ್ಲಲ್ಲ."

"ಹೊಸ ಹಾಳೆ ಅಮ್ಮ."

"ಹೆಬ್ಬೆಟ್ಟು ಇರೋ ತುಂಡು ಒಂದನ್ನ ನಂಗೇ ಕೊಡಕ್ಕಾಗಲ್ವಾ? ಕೆಲಸ ಎಲ್ಲ ಮುಗಿದ್ ಮೇಲಾದ್ರೂ? ಅವ್ರದ್ದು ಅಂತ ಮನೇಲಿ ಒಂದ್ ಫೋಟೋನೂ ಇಲ್ಲ."

ಕಡತಕ್ಕೆ ಸೇರಿದ ಕಾಗದವನ್ನು ಹಾಗೆಲ್ಲ ಯಾರಿಗೂ ಕೊಡುವಂತಿಲ್ಲ ಎಂದೆ. ಅದೇ ಕಾಗದವನ್ನು ಹರಿದು ಹಂಚಿದ್ದವನು ನಾನೇ.