ಅವ್ವನ ಕಂಚಿನ ಗಂಗಾಳ

ನಮ್ಮ ಅವ್ವನಿಗೆ ಕಂಚಿನ ಕಂಠವಿರಲಿಲ್ಲ, ಕಂಚಿನ ಗಂಗಾಳವಿತ್ತು. ಕುರುಗೋಡಿನಲ್ಲಿ ನಾನೂ ಅಕ್ಕನೂ ಮನೆಯ ಹಿಂದಿನ ಗುಡ್ಡದ ಬಂಡೆಗಳ ಮೇಲೆ ಆಡುತ್ತಿದ್ದರೆ, ಊಟದ ಹೊತ್ತಿಗೆ ಅವಳು ಆ ಅಗಲವಾದ ತಟ್ಟೆಯನ್ನು ಬೆರಳ ತುದಿಗಳ ಮೇಲೆ ಬೋರಲಿಟ್ಟುಕೊಂಡು ಸೌಟಿನಿಂದ ಒಂದೇ ಏಟು ಹೊಡೆಯುತ್ತಿದ್ದಳು. ಸದ್ದು ಗುಡ್ಡ ಮುಟ್ಟುವಷ್ಟರಲ್ಲಿ "ಬಂದ್ವಿ ಯವ್ವಾ!" ಎಂದು ಕೂಗುತ್ತ ಓಡಿ ಬರುತ್ತಿದ್ದೆವು. ತಡವಾದರೆ ಅದೇ ಸೌಟು ನಮ್ಮ ಬೆನ್ನಿಗೆ ಬೀಳುತ್ತಿತ್ತು.

ಅವ್ವ ಹೋದ ಮೇಲೆ ಹಿರಿಯಳೆಂದು ಗಂಗಾಳ ಅಕ್ಕನ ಪಾಲಿಗೆ ಬಂತು, ಅವಳ ಜೊತೆ ಸಿರುಗುಪ್ಪ ಸೇರಿತು. "ಒಯ್ಯಲಿ ಬಿಡ್ರಿ, ಬಳ್ಳಾರಿಯೊಳಗ ಪಾತ್ರೆಗೇನು ಬರ?" ಎಂದು ಬಳ್ಳಾರಿಯಲ್ಲಿ ಸಂಸಾರ ಹೂಡಿದ್ದ ನಾನು ನೆಂಟರೆದುರು ದೊಡ್ಡ ಮನಸ್ಸಿನವಳಂತೆ ಮಾತಾಡಿದೆ. ಆದರೆ ಆ ಸದ್ದನ್ನು ಇನ್ನೊಮ್ಮೆ ಕೇಳಬೇಕೆಂಬ ಆಸೆ ನನ್ನನ್ನು ತಿನ್ನುತ್ತಿತ್ತು. ಅಕ್ಕನನ್ನು ಕೇಳಲು ಬಿಗುಮಾನ. ಬಳ್ಳಾರಿಯ ಬ್ರೂಸ್‌ಪೇಟೆಯ ಅಂಗಡಿಗಳಲ್ಲಿ ಕಂಚಿನ ತಟ್ಟೆ ಕಂಡಲ್ಲೆಲ್ಲ ಬೆರಳಿನಿಂದ ಬಡಿದು ನೋಡುವುದು ಚಟವಾಯಿತು.

"ಕಲ್ಲಂಗಡಿ ಹಣ್ಣ ಏನ್ರಿ ಅಕ್ಕಾರ, ಹಿಂಗ ಬಡದು ನೋಡಾಕ? ಎಲ್ಲಾ ಶುದ್ಧ ಕಂಚು ಐತ್ರಿ," ಎಂದ ಒಬ್ಬ ಅಂಗಡಿಯವನು. ಬರಿಗೈಲಿ ಬಂದರೆ ಮರ್ಯಾದೆ ಉಳಿಯುವುದಿಲ್ಲವೆಂದು ಒಂದು ಕೊಂಡೆ. ಅದರ ಸದ್ದೂ ಅವ್ವನ ಗಂಗಾಳದ ಸದ್ದಲ್ಲ.

ಮನೆಯಲ್ಲಿ ಒಂಬತ್ತನೇ ತರಗತಿಯ ಮಗಳು ವಿಜ್ಞಾನ ಓದುತ್ತ ಕೂತಿದ್ದಳು. ತಟ್ಟೆ ನೋಡಿ, "ಅಮ್ಮಾ, ಕಂಚು ಶುದ್ಧ ವಸ್ತು ಅಲ್ಲ. ಮಿಶ್ರಣ," ಎಂದಳು. ನನಗೆ ಸಿಟ್ಟೇ ಬಂತು.

"ದೇವರ ನೈವೇದ್ಯಕ್ಕ ಇಡೋದು ಶುದ್ಧ ಅಲ್ಲೇನು? ತಾಮ್ರ, ತವರ ಕರಗಿ ಕೂಡಿದ ಮ್ಯಾಲ ಯಾರು ಬ್ಯಾರೆ ಮಾಡ್ತಾರ? ಆರಿಸಿ ತಗಿಯಾಕ ಅದೇನು ಅಕ್ಕಿಯೊಳಗಿನ ಕಲ್ಲ?"

"ನೀರಿನೊಳಗ ಹೈಡ್ರೋಜನ್, ಆಕ್ಸಿಜನ್ ಕೂಡೋ ಪ್ರಮಾಣ ಎಲ್ಲಿದ್ರೂ ಒಂದೇ ಅಮ್ಮಾ. ಕಂಚಿಗೆ ಹಂಗಿಲ್ಲ. ತವರ ಹೆಚ್ಚು ಹಾಕಿದ್ರೂ ಕಂಚು, ಕಡಿಮಿ ಹಾಕಿದ್ರೂ ಕಂಚು. ಅದಕ್ಕ ಮಿಶ್ರಣ."

ಪೇಟೆಯೆಲ್ಲ ಬಡಿದರೂ ಅವ್ವನ ಸದ್ದು ಯಾಕೆ ಸಿಗಲಿಲ್ಲವೆಂದು ಆಗ ಹೊಳೆಯಿತು. ಯಾವ ಕಂಚುಗಾರನೋ ಅವತ್ತು ತನ್ನ ಕೈಯಳತೆಯಲ್ಲಿ ಬೆರೆಸಿದ್ದು ಆ ಗಂಗಾಳಕ್ಕೇ ಮೀಸಲಾದ ಹದ. ಅದನ್ನು ಅಂಗಡಿಯಲ್ಲಿ ಹುಡುಕಿದ ನನಗೆ ಬುದ್ಧಿ ಇರಲಿಲ್ಲ. ಬಿಗುಮಾನ ಬದಿಗಿಟ್ಟು, ಭಾನುವಾರ ಮಗಳೊಂದಿಗೆ ಸಿರುಗುಪ್ಪದ ಬಸ್ಸು ಹತ್ತಿದೆ. ತೆಕ್ಕಲಕೋಟೆ ದಾಟುವವರೆಗೆ ಅವಳಿಗೆ ಅವ್ವನ ಸೌಟಿನ ಕಥೆಯನ್ನೇ ಹೇಳಿದೆ.

ಅಕ್ಕನ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು, "ಆ ಗಂಗಾಳ ಐತೇನಕ್ಕಾ?" ಎಂದೆ.

"ಅಡಗಿಮನ್ಯಾಗ ಐತಿ. ತಂದಾಗಿಂದ ಒಮ್ಮೆನೂ ಬಡದಿಲ್ಲ ನೋಡು. ಧೈರ್ಯ ಆಗವಲ್ದು," ಎಂದು ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

ನಮ್ಮ ಮಾತು ಕೇಳಿಸಿಕೊಂಡ ಮಗಳು ಯಾವಾಗ ಎದ್ದು ಒಳಗೆ ಹೋದಳೋ, ನಾವು ನೋಡಲಿಲ್ಲ. ಒಂದೇ ಏಟು. ಅದೇ ಸದ್ದು.

"ಬಂದ್ವಿ ಯವ್ವಾ!"

ಕೂಗಿದ್ದು ಅಕ್ಕ. ಮಂಡಿನೋವಿನ ಅಕ್ಕ ನನಗಿಂತ ಮೊದಲು ಎದ್ದಿದ್ದಳು. ಇಬ್ಬರೂ ಅಡುಗೆಮನೆಯ ಬಾಗಿಲಿಗೆ ಓಡಿದೆವು. ಗಂಗಾಳ, ಸೌಟು ಹಿಡಿದು ನನ್ನ ಮಗಳು ನಿಂತಿದ್ದಳು. ಅಕ್ಕ ಅವಳನ್ನು ಬಿಟ್ಟು, ಅವ್ವ ಅಲ್ಲಿರುವಳೇನೋ ಎಂಬಂತೆ ಒಲೆಯ ಕಡೆ ನೋಡಿದಳು. ನಾನೂ ನೋಡಿದೆ.