ಹಾಳೆತಟ್ಟೆಯ ಮುಖ

ಇಂಗ್ಲಿಷ್ ಕೊಲೆ ಪಿಕ್ಚರುಗಳನ್ನು ನನ್ನಷ್ಟು ಬೇಸರದಿಂದ ನೋಡಿದವರು ತರೀಕೆರೆಯಲ್ಲಿ ಇನ್ನೊಬ್ಬರು ಇರಲಾರರು. ಎಲ್ಲದರಲ್ಲೂ ಒಂದೇ ಕಥೆ. ಹರೆಯದ ನಾಲ್ಕೈದು ಜನ ಸೇರಿ ಏನೋ ಅನಾಹುತ ಮಾಡುತ್ತಾರೆ. ಯಾರಿಗೂ ಬಾಯಿ ಬಿಡುವುದಿಲ್ಲ ಎಂದು ಕೈ ಮೇಲೆ ಕೈ ಇಟ್ಟು ಮಾತು ಕೊಟ್ಟುಕೊಳ್ಳುತ್ತಾರೆ. ಆಮೇಲೆ ಯಾರೋ ಮುಖವಾಡ ಹಾಕಿಕೊಂಡು ಬಂದು ಒಬ್ಬೊಬ್ಬರನ್ನೇ ಕತ್ತರಿಸಿ ಹಾಕುತ್ತಾನೆ. ಶುರುವಿನಲ್ಲೇ ಮನೆಯ ಹಿರಿಯರೊಬ್ಬರಿಗೆ ಹೇಳಿಬಿಟ್ಟಿದ್ದರೆ ಇಷ್ಟೆಲ್ಲ ರಾದ್ಧಾಂತ ಯಾಕಾಗುತ್ತಿತ್ತು ಎಂದು ನಾನು ಪ್ರತಿಸಲ ಗೊಣಗುತ್ತಿದ್ದೆ. "ಹೇಳ್ಬಿಟ್ರೆ ಥ್ರಿಲ್ ಎಲ್ಲಿರುತ್ತೆ ಮೇಡಂ?" ಎಂದು ಹುಡುಗಿಯರು ನನ್ನ ಬಾಯಿ ಮುಚ್ಚಿಸುತ್ತಿದ್ದರು.

ನಾನು ಅಲ್ಲಿನ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್. ಊರು ಕಡೂರು. ಮದುವೆಯಾಗಿ ಹೋದ ಮನೆ ಹಿಡಿಸಲಿಲ್ಲ, ಈ ಕೆಲಸ ಹಿಡಿಸಿತು ಎನ್ನುವುದಕ್ಕೂ ಆಗುವುದಿಲ್ಲ, ಅಂತೂ ವರ್ಷಗಳು ಉರುಳಿಹೋದವು. ಭಾನುವಾರ ಊಟವಾದ ಮೇಲೆ ಊಟದ ಹಾಲಿನ ಟೀವಿಗೆ ಯಾರೋ ಒಬ್ಬಳು ಪೆನ್‌ಡ್ರೈವ್ ಸಿಕ್ಕಿಸುತ್ತಾಳೆ. ಮಲಗೋಣವೆಂದರೆ ಕಿರುಚಾಟ. ಆದ್ದರಿಂದ ನಾನೂ ಒಂದು ಕುರ್ಚಿ ಎಳೆದುಕೊಂಡು ಹಿಂದೆ ಕೂರುತ್ತೇನೆ. ನಮ್ಮ ಅಡುಗೆಯಾಕೆ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಾ ಪಕ್ಕದಲ್ಲಿರುತ್ತಾಳೆ. ಇಂಗ್ಲಿಷ್ ಒಂದಕ್ಷರ ಬಾರದಿದ್ದರೂ ಅವಳಿಗೆ ಎಲ್ಲ ಅರ್ಥವಾಗುತ್ತದೆ. "ಅಯ್ಯೋ ಮುಂಡೇದೇ, ಆ ಕತ್ಲಲ್ಲಿ ಯಾಕೆ ಹೋಗ್ತೀಯೆ, ಸ್ವಿಚ್ ಒತ್ಬಾರ್ದಾ!" ಎಂದು ಟೀವಿಗೇ ಬೈಯುತ್ತಾಳೆ.

ಅಜ್ಜಂಪುರದಿಂದ ಬಂದಿದ್ದ ಒಬ್ಬ ಹುಡುಗಿ ಮಾತ್ರ ಈ ಪಿಕ್ಚರುಗಳನ್ನು ನೋಡಿ ನಗುತ್ತಿದ್ದಳು. ಎರಡನೇ ಪಿಯುಸಿ, ಸೈನ್ಸ್. ಅವರದು ಈರುಳ್ಳಿ ಮಂಡಿಯ ಮನೆ, ಮಠಕ್ಕೆ ನಡೆದುಕೊಳ್ಳುವವರು, ದಿನಾ ಹಣೆಗೆ ವಿಭೂತಿ ಇಟ್ಟುಕೊಳ್ಳದೆ ಅವಳು ಕಾಲೇಜಿಗೆ ಹೊರಡುತ್ತಿರಲಿಲ್ಲ. ನರ್ಸಿಂಗ್ ಓದುತ್ತೇನೆಂದು ಹಟ ಹಿಡಿದು ಅಪ್ಪನನ್ನು ಒಪ್ಪಿಸಿಕೊಂಡು ಬಂದಿದ್ದಳು. ಎಲ್ಲರೂ ಕಣ್ಣು ಮುಚ್ಚಿಕೊಂಡಾಗ ಇವಳು, "ಅದು ಟೊಮೇಟೊ ಸಾಸು ಕಣ್ರೇ, ನಂಗೇನ್ ಹೆದ್ರಿಕೆ ಇಲ್ಲಪ್ಪ" ಎಂದು ಎದ್ದು ಬಟ್ಟೆ ಒಗೆಯಲು ಹೋಗುತ್ತಿದ್ದಳು. ಅವಳ ಈ ಮಾತು ಕೆಲವರ ಕಣ್ಣು ಕೆಂಪಗೆ ಮಾಡಿತ್ತೆಂದು ನನಗೆ ಆಗ ಗೊತ್ತಿರಲಿಲ್ಲ.

ನಮ್ಮಲ್ಲಿ ಬಚ್ಚಲ ಹಂಡೆಗೆ ಇವತ್ತಿಗೂ ಸೌದೆ ಒಲೆ. ಹಿತ್ತಲಿನ ಸೌದೆ ಕೊಟ್ಟಿಗೆಯಿಂದ ಮಾರನೆಯ ಬೆಳಗಿಗೆ ಸೌದೆ ತಂದಿಡುವುದು ಹುಡುಗಿಯರ ಸರದಿ. ದೀಪಾವಳಿ ಕಳೆದ ಮೇಲಿನ ಒಂದು ಭಾನುವಾರ ಸಂಜೆ ಅವಳ ಸರದಿಯಿತ್ತು. ನಾನು ದೇವರ ಮುಂದೆ ದೀಪ ಹಚ್ಚುತ್ತಿದ್ದೆ. ಹಿತ್ತಲಿಂದ ಒಂದು ಕೂಗು ಬಂತು. ಪಿಕ್ಚರಿನ ಕೂಗಿಗೂ ನಿಜವಾದ ಕೂಗಿಗೂ ಎಷ್ಟು ವ್ಯತ್ಯಾಸವೆಂದು ಅವತ್ತು ತಿಳಿಯಿತು. ಓಡಿದೆವು. ಅವಳು ಕೊಟ್ಟಿಗೆಯಲ್ಲಿ ಬಿದ್ದಿದ್ದಳು, ಕೊರಡಿಗೆ ತಗುಲಿ ಹಣೆ ಒಡೆದಿತ್ತು. ಬೇರೆ ಯಾರೂ ಇರಲಿಲ್ಲ. ನೀರು ಚಿಮುಕಿಸಿದಾಗ ಕಣ್ಣು ಬಿಟ್ಟು, "ಮುಖ ಇರ್ಲಿಲ್ಲ ಮೇಡಂ... ಬರೀ ತೂತು, ಕಣ್ಣಿನ ತಾವ ಬರೀ ತೂತು" ಎಂದಳು. ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು, ರಕ್ತ ಕಡಿಮೆ ಇದೆ, ತಲೆ ಸುತ್ತಿ ಬಿದ್ದಿದ್ದಾಳೆ ಎಂದರು. ಅವಳಪ್ಪ ಬಂದು ಕರೆದುಕೊಂಡು ಹೋದರು. ಸ್ವಲ್ಪ ದಿನಕ್ಕೆ ಬಂದು ಟ್ರಂಕನ್ನೂ ಎತ್ತಿಕೊಂಡು ಹೋದರು.

ಇಂಥದ್ದಾದಾಗ ವಾರ್ಡನ್ ಆದವಳು ಒಮ್ಮೆ ಹೋಗಿ ಮಾತಾಡಿಸಿ ಬರಬೇಕು. ಮಂಡಿ ನೋವು ಅಂತ ಕೂತರೆ ಆಗುತ್ತದೆಯೇ? ಆಧಾರ್ ಕಾರ್ಡ್ ತೋರಿಸಿ ಅಜ್ಜಂಪುರದ ಬಸ್ಸು ಹತ್ತಿದೆ. ಅವರ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿತ್ತು. ಒಳಗೆ ಅಜ್ಜಿ, "ನಿಮ್ ಹಾಸ್ಟೆಲ್ನಾಗೆ ಗಾಳಿ ಐತೆ ಕಣವ್ವ. ನನ್ ಮೊಮ್ಮಗಳಿಗೆ ಸೋಕ್ಬಿಟ್ಟೈತೆ" ಎಂದು ಖಡಾಖಂಡಿತ ಹೇಳಿದರು. ಹುಡುಗಿಯ ತೋಳಿಗೆ ತಾಯಿತ, ಕೈಗೆ ಕಪ್ಪು ದಾರ. ಟೊಮೇಟೊ ಸಾಸು ಎನ್ನುತ್ತಿದ್ದವಳು ಈಗ ನಡುಹಗಲಿನಲ್ಲೂ ಒಬ್ಬಳೇ ಹಿತ್ತಲಿಗೆ ಹೋಗುತ್ತಿರಲಿಲ್ಲವಂತೆ. ಬಚ್ಚಲಿನ ಬಾಗಿಲನ್ನೂ ಹಾಕಿಕೊಳ್ಳುವುದಿಲ್ಲ, ಅಜ್ಜಿ ಕೋಲು ಹಿಡಿದು ಹೊರಗೆ ಕೂತಿರಬೇಕು. ಹದಿನೇಳು ವರ್ಷದ ಹುಡುಗಿ!

ಅಪ್ಪ ಮೆತ್ತಗಿನ ಮನುಷ್ಯ. "ನಿಮ್ಮೇಲೆ ನಂಗೇನೂ ಸಿಟ್ಟಿಲ್ಲ ಮೇಡಮ್ನೋರೆ. ಆದ್ರೆ ಓದಿದ್ದು ಸಾಕು. ಇಂಥ ಮಾತು ಊರಾಗೆ ಹಬ್ಬುದ್ರೆ ನಾಳೆ ಯಾರು ಇವಳ್ನ ಮಾಡ್ಕೊಂತಾರೆ?" ಎಂದರು. ನಾನು ರಕ್ತ ಕಡಿಮೆ, ಸುಸ್ತು, ಕತ್ತಲಲ್ಲಿ ಹಗ್ಗವೂ ಹಾವು ಎಂದೆಲ್ಲ ಹೇಳಿದೆ. ಹೊರಡುವಾಗ ಹುಡುಗಿ ಬಾಗಿಲ ತನಕ ಬಂದು ಸಣ್ಣ ದನಿಯಲ್ಲಿ ಕೇಳಿದಳು.

"ಮೇಡಂ, ಗಾಳಿ ಅಲ್ಲ ಅಂತ ನಂಗೂ ಗೊತ್ತು. ಆದ್ರೆ ನಾನು ನೋಡಿದ್ದು ನಿಜ. ಅಲ್ಲಿ ಯಾರೂ ಇರ್ಲಿಲ್ಲ ಅನ್ನೋದೂ ನಿಜ. ಹಂಗಾದ್ರೆ ನಂಗೆ ತಲೆ ಕೆಟ್ಟಿದ್ಯಾ?"

"ಹಂಗೆಲ್ಲ ಅನ್ಬಾರ್ದು ಕಣಮ್ಮ" ಎಂದು ಬೆನ್ನು ಸವರಿ ಬಂದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಮಾತು ಕಿವಿಯಲ್ಲಿ ಕೊರೆಯುತ್ತಿತ್ತು. ಗಾಳಿ ಸೋಕಿದೆ ಎಂದರೆ ಬಿಡಿಸಲು ಹತ್ತು ಜನ ಬರುತ್ತಾರೆ. ತನ್ನ ತಲೆಯ ಮೇಲೇ ತನಗೆ ಅನುಮಾನ ಬಂದರೆ ಆ ಹುಡುಗಿ ಯಾರ ಹತ್ತಿರ ಹೋಗಬೇಕು?

ಅದಾದ ಮೇಲಿನ ಶುಕ್ರವಾರ ದೇವರ ಗೂಡು ಒರೆಸುವಾಗ ಸರಸ್ವತಿ ಪಟದ ಹಿಂದೆ ಕೈಗೆ ಏನೋ ಸಿಕ್ಕಿತು. ಅರಿಶಿನದ ಬಟ್ಟೆಯ ಪುಟ್ಟ ಗಂಟುಗಳು, ಒಳಗೆ ಒಂದೊಂದು ನಾಣ್ಯ. ಅಡುಗೆಯಾಕೆಯನ್ನು ಕರೆದು ತೋರಿಸಿದೆ. ಅವಳು ಗಂಟನ್ನು ತಿರುಗಿಸಿ ನೋಡಿ, "ತಪ್ಪುಕಾಣಿಕೆ ಕಣ್ರೀ. ಒಂದಲ್ಲ, ನಾಕು!" ಎಂದು ಗಲ್ಲಕ್ಕೆ ಕೈ ಹಚ್ಚಿದಳು.

ತಪ್ಪುಕಾಣಿಕೆಯ ಅನುಕೂಲವೇ ಅದು. ಏನು ತಪ್ಪು ಮಾಡಿದೆವೆಂದು ಯಾರಿಗೂ ಹೇಳಬೇಕಾಗಿಲ್ಲ. ಒಂದು ಕಾಸನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿ ದೇವರ ಹತ್ತಿರ ಇಟ್ಟು ಕೈ ಮುಗಿದರೆ ಆಯಿತು, ಅವನಿಗೆ ಗೊತ್ತಿರುತ್ತದೆ. ನಮ್ಮಮ್ಮ ಹರಕೆ ಮರೆತಾಗಲೆಲ್ಲ ಕಟ್ಟುತ್ತಿದ್ದಳು. ಆದರೆ ಹಾಸ್ಟೆಲಿನಲ್ಲಿ ನಾಲ್ವರು ಒಟ್ಟಿಗೆ ಕಟ್ಟಿದ್ದಾರೆಂದರೆ? ಅರಿಶಿನ ಹಚ್ಚಿದ್ದರೂ ಬಟ್ಟೆ ಕಾಲೇಜಿನ ಸಮವಸ್ತ್ರದ ಬಿಳಿ ದುಪಟ್ಟದ್ದೆಂದು ಅಂಚಿನಿಂದ ಗೊತ್ತಾಗುತ್ತಿತ್ತು. ಸಂಜೆ ಎಲ್ಲರನ್ನೂ ಸಾಲಾಗಿ ಕೂರಿಸಿ, "ಯಾರ್ದೋ ದುಪಟ್ಟ ಹರಿದಿದೆಯಂತಲ್ಲ" ಎಂದೆ, ಅಷ್ಟೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಒಬ್ಬಳು ತನ್ನ ದುಪಟ್ಟದ ತುದಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಅವಳ ಮೂವರು ಗೆಳತಿಯರು ಅವಳನ್ನು ನೋಡಿದರು.

ನಾಲ್ವರನ್ನೂ ನನ್ನ ಕೋಣೆಗೆ ಕರೆದೆ. ಬಾಗಿಲು ಹಾಕುವಷ್ಟರಲ್ಲಿ ಅಳು ಶುರುವಾಯಿತು. ಅಡಿಕೆ ಹಾಳೆಯ ತಟ್ಟೆಗೆ ಕತ್ತರಿಯಿಂದ ಎರಡು ತೂತು ಮಾಡಿ ಮುಖಕ್ಕೆ ಕಟ್ಟಿಕೊಂಡು, ವಾಚ್‌ಮನ್ನಿನ ಕಪ್ಪು ರೈನ್‌ಕೋಟ್ ತೊಟ್ಟು ಒಬ್ಬಳು ಕೊಟ್ಟಿಗೆಯಲ್ಲಿ ಅಡಗಿದ್ದಳು. ಉಳಿದವರು ಗೋಡೆಯಾಚೆ ನಿಂತು ನಗು ತಡೆದುಕೊಂಡಿದ್ದರು. ಅಜ್ಜಂಪುರದವಳು ಬಿದ್ದದ್ದೇ ತಡ, ಅಡಗಿದ್ದವಳು ಹಿಂದಿನ ಸಂದಿಯಿಂದ ನುಸುಳಿ ವೇಷ ಬಚ್ಚಿಟ್ಟಿದ್ದಳು, ನಾಲ್ವರೂ ಸುತ್ತು ಹಾಕಿಕೊಂಡು ಬಂದು ನಮ್ಮೊಂದಿಗೇ ಸೇರಿ ನೀರು ಚಿಮುಕಿಸಿದ್ದರು. ಆಮೇಲೆ ಸರಸ್ವತಿ ಪಟ ಮುಟ್ಟಿ, ಸಾಯೋತನಕ ಯಾರಿಗೂ ಹೇಳಲ್ಲ ಎಂದು ಆಣೆ ಇಟ್ಟಿದ್ದರಂತೆ. ಪಿಕ್ಚರಿನಲ್ಲಿ ಇದ್ದ ಹಾಗೇ, ಒಂದು ಚೂರೂ ಬಿಡದೆ.

"ಅವ್ಳಿಗೆ ಹೇಳ್ಬೇಡಿ ಮೇಡಂ, ನಮ್ಮನ್ನ ಸುಮ್ನೆ ಬಿಡಲ್ಲ" ಎಂದಳು ಒಬ್ಬಳು.

"ಅವಳು ಕೊಡಲಿ ಹಿಡ್ಕೊಂಡು ಬತ್ತಾಳೆ ಅಂದ್ಕೊಂಡ್ಯಾ? ಬಚ್ಚಲಿಗೆ ಹೋಗಕ್ಕೇ ಅಜ್ಜಿ ಬೇಕು ಅವಳಿಗೆ. ನಿಮ್ಮ ಪಿಕ್ಚರಿಗಿಷ್ಟು ಬೆಂಕಿ ಹಾಕ!"

"ದೇವರಿಗೆ ತಪ್ಪುಕಾಣಿಕೆ ಕಟ್ಟಿದ್ದೀವಲ್ಲ ಮೇಡಂ" ಎಂದು ದುಪಟ್ಟದವಳು ಬಿಕ್ಕಿದಳು.

"ಸೌದೆ ಕೊಟ್ಟಿಗೇಲಿ ತಲೆ ಒಡ್ಕೊಂಡು ಬಿದ್ದಿದ್ದು ದೇವರೇನೇ?"

ಸಿಟ್ಟು ಬಂದಿತ್ತು, ನಿಜ. ಸಿಟ್ಟಿಗಿಂತ ಹೆಚ್ಚಾಗಿ ದಣಿವು. ಇವರೂ ಮಕ್ಕಳೇ, ಹೆದರಿ ಅನ್ನ ಬಿಟ್ಟು ಸೊರಗಿದ್ದರು. ಆ ಮುಖವಾಡ ಎಲ್ಲೆಂದು ಕೇಳಿದೆ. ಸುಡಲು ಧೈರ್ಯವಾಗದೆ ಟ್ರಂಕಿನ ತಳದಲ್ಲಿಟ್ಟಿದ್ದರು. ಅವರ ಮನೆಗಳಿಗೆ ಫೋನು ಮಾಡಿ ಒಪ್ಪಿಗೆ ಪಡೆದು, ಬೈಗುಳವನ್ನೂ ಪಡೆದು, ಭಾನುವಾರ ಬೆಳಗಿನ ಬಸ್ಸಿಗೆ ನಾಲ್ವರನ್ನೂ ಹತ್ತಿಸಿದೆ. ದಾರಿಯಲ್ಲಿ ಒಬ್ಬಳಿಗೆ ವಾಂತಿಯಾಯಿತು. ತಟ್ಟೆ ನನ್ನ ಚೀಲದಲ್ಲಿತ್ತು.

ಆ ಮನೆಯ ಪಡಸಾಲೆಯಲ್ಲಿ ನಾಲ್ವರೂ ಅಳುತ್ತಾ ಹೇಳಿ ಮುಗಿಸಿದರು. ಅಪ್ಪ ಕೂಗಾಡುತ್ತಾರೆಂದುಕೊಂಡಿದ್ದೆ. ಆ ಮನುಷ್ಯ ತಲೆ ತಗ್ಗಿಸಿದರು. ಅಜ್ಜಿ ಮಾತ್ರ ನಂಬಲಿಲ್ಲ.

"ಹಾಸ್ಟೆಲ್ ಹೆಸ್ರು ಉಳ್ಸಾಕೆ ಈ ಮಕ್ಳ ಬಾಯಾಗೆ ಸುಳ್ಳು ಹೇಳುಸ್ತಿದ್ದೀಯಾ ತಾಯಿ? ನಾನೇನ್ ಗಾಳಿ ಕಾಣದೋಳಾ?"

ಇಷ್ಟು ದಿನ ಇವರು ನಿಜ ಹೇಳಲಿಲ್ಲ, ಹೇಳಿದಾಗ ಅದು ಸುಳ್ಳಾಯಿತು. ಹುಡುಗಿ ಅಮ್ಮನ ಸೆರಗು ಹಿಡಿದು ಒಳಬಾಗಿಲಲ್ಲಿ ನಿಂತು ಒಂದೊಂದು ಮುಖವನ್ನೂ ನೋಡುತ್ತಿದ್ದಳು. ನಂಬಲೋ ಬೇಡವೋ ಎಂದು ಅವಳ ಕಣ್ಣು ಒದ್ದಾಡುತ್ತಿತ್ತು. ಕೊನೆಗೆ ಅವಳೇ, "ಹಾಕ್ಕೊಂಡು ತೋರ್ಸಿ" ಎಂದಳು.

ಬೇಡ ಎನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಕೊಟ್ಟಿಗೆಯಲ್ಲಿ ಅಡಗಿದ್ದವಳು ನನ್ನ ಚೀಲದಿಂದ ತಟ್ಟೆ ತೆಗೆದು ಮುಖಕ್ಕೆ ಹಿಡಿದು ನಿಂತಳು. ಅಮ್ಮ "ಶಿವನೇ" ಎಂದು ಮಗಳನ್ನು ಎಳೆದುಕೊಂಡರು. ಹುಡುಗಿಯ ಮುಖ ಸುಣ್ಣವಾಯಿತು. ಆದರೂ ಅಮ್ಮನ ಕೈ ಬಿಡಿಸಿಕೊಂಡು ಒಂದೊಂದೇ ಹೆಜ್ಜೆ ಹತ್ತಿರ ಬಂದಳು. ತೂತಿನೊಳಗೆ ಇಣುಕಿ ನೋಡಿದಳು. ಒಳಗೆ ಎರಡು ಕಣ್ಣು, ಅತ್ತು ಕೆಂಪಾದ ಕಣ್ಣು. ತಟ್ಟೆಯನ್ನು ಎಳೆದುಕೊಂಡು ಹಿಂದೆ ಮುಂದೆ ತಿರುಗಿಸಿದಳು. ಒಳಭಾಗದಲ್ಲಿ ಒಣಗಿದ ಸಾರಿನ ಕಲೆಯಿತ್ತು, ಅಂಚಿಗೆ ಒಂದು ಅನ್ನದಗುಳು ಅಂಟಿತ್ತು.

"ಅಜ್ಜೀ, ಇದು ಊಟದ ತಟ್ಟೆ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಅಲ್ಲಿ ಇದ್ರು ಮೇಡಂ. ನಾನು ನೋಡಿದ್ದು ಸರಿ. ಅಲ್ಲಿ ಇದ್ರು" ಎಂದಳು.

ಪಿಕ್ಚರುಗಳಲ್ಲಿ ಮುಖವಾಡದ ಹಿಂದೆ ಯಾರಿದ್ದಾರೆ ಎನ್ನುವುದೇ ದೊಡ್ಡ ಗುಟ್ಟು. ಇವಳಿಗೆ ಯಾರಾದರೆ ಏನು, ಒಬ್ಬರು ಇದ್ದರು ಎನ್ನುವುದೇ ಸಾಕಾಗಿತ್ತು. ದುಪಟ್ಟದವಳು, ನಾನು ವಾಪಸು ಕೊಟ್ಟಿದ್ದ ಹಳದಿ ಗಂಟುಗಳನ್ನು ಸೊಂಟದಿಂದ ತೆಗೆದು ಅವಳ ಮುಂದೆ ಹಿಡಿದು, "ಕ್ಷಮಿಸ್ಬಿಡೇ" ಎಂದಳು. ಹುಡುಗಿ ಗಂಟು ಮುಟ್ಟಲಿಲ್ಲ. "ಇದನ್ನ ದೇವರಿಗೇ ಕೊಡ್ರೇ. ನಂಗೆ ಬೇಡ. ನಾನು ಎಷ್ಟು ದಿನದಿಂದ ನಿದ್ದೆ ಮಾಡಿಲ್ಲ ಗೊತ್ತಾ ನಿಮ್ಗೆ?" ಎಂದಳು. ದನಿಯಲ್ಲಿ ಕ್ಷಮೆಯೇನೂ ಇರಲಿಲ್ಲ. ಇರಬೇಕೆಂದು ಕೇಳಲು ನಾವ್ಯಾರು?

ಪರೀಕ್ಷೆಯ ಮಾತೆತ್ತಿದೆ. ಅಪ್ಪ, "ಇಲ್ಲಿಂದ್ಲೇ ದಿನಾ ಬಸ್ನಾಗೆ ಹೋಗಿಬರ್ಲಿ, ನೋಡಾನ" ಎಂದರು. ಅಮ್ಮ ಬಂದವರಿಗೆಲ್ಲ ಉಪ್ಪಿಟ್ಟು ಕೊಟ್ಟರು. ಅಷ್ಟಾದ ಮೇಲೂ ಕೊಟ್ಟರು. ಹುಡುಗಿಯರು ತಿನ್ನಲಿಲ್ಲ, ನಾನು ತಿಂದೆ. ಬೆಳಗಿನಿಂದ ಏನೂ ತಿಂದಿರಲಿಲ್ಲ, ಸಾಕಾಗಿತ್ತು.

ನಾವು ಹೊರಡಲು ಚಪ್ಪಲಿ ಮೆಟ್ಟುತ್ತಿದ್ದಾಗ ಹುಡುಗಿ ಗೂಟದ ಮೇಲಿನ ಟವಲು ತೆಗೆದುಕೊಂಡು ಹಿತ್ತಲ ಕಡೆ ಹೊರಟಳು. ಅಜ್ಜಿ ಅಭ್ಯಾಸಬಲದಿಂದ ಕೋಲು ಊರಿ ಎದ್ದರು.

"ನೀನ್ ಕೂತ್ಕಳಜ್ಜಿ" ಎಂದಳು ಹುಡುಗಿ.

ಅಜ್ಜಿ ಕೂರಲಿಲ್ಲ, ನಡುಮನೆಯಲ್ಲೇ ನಿಂತರು. ನಾವೂ ಒಂದು ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಹಾಗೇ ನಿಂತೆವು. ಬಚ್ಚಲ ಬಾಗಿಲು ಕಿರ್ರೆಂದು ಮುಚ್ಚಿತು. ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಒಳಗಿನಿಂದ ಚಿಲಕ ಹಾಕಿದ ಸದ್ದು ಕೇಳಿಸಿತು. ಅಜ್ಜಿ ಕೋಲನ್ನು ಗೋಡೆಗೆ ಒರಗಿಸಿ ಮಣೆಯ ಮೇಲೆ ಕೂತರು.